ಎರಡನೆಯದು ಸಲೀಸು ಎನ್ನುವವರಿಗೆ

ಎರಡನೆಯ ಮಗುವಿನ ಮಾತು ಬಂದಾಗ ಎದುರಿನವರು ಹೇಳುವ ಸಮಾಧಾನ ಹೆಚ್ಚುಕಡಿಮೆ ಒಂದೇ: ‘ಮೊದಲನೆಯದಷ್ಟು ಕಷ್ಟ ಇರಲ್ಲ, ಎರಡನೆಯದು ಸಲೀಸು.’ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಮ್ಮೆ ಸಹಜವಾಗಿ ಹೆತ್ತವರಿಗೆ ಮುಂದಿನ ಹೆರಿಗೆಯಲ್ಲಿ ನೋವಿನ ಅವಧಿ ಸಾಮಾನ್ಯವಾಗಿ ಕಡಿಮೆ. ಗರ್ಭಕೋಶದ ಬಾಯಿ ಬೇಗ ತೆರೆಯುತ್ತದೆ, ಮಗುವನ್ನು ಹೊರದೂಡುವ ಹಂತವೂ ಬೇಗ ಮುಗಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಮಾತು ಕಿವಿಗೆ ಬಿದ್ದರೆ ನನ್ನ ಅಂಗೈ ಬೆವರುತ್ತದೆ. ನನ್ನ ಭಯಕ್ಕೂ ನೋವಿನ ಅವಧಿಗೂ ಸಂಬಂಧವಿಲ್ಲ ಎಂದು ಅವರಿಗೆ ವಿವರಿಸುವುದು ಹೇಗೆಂದು ತಿಳಿಯದೆ ನಕ್ಕು ಸುಮ್ಮನಾಗುತ್ತೇನೆ. ಮಗಳು ಹುಟ್ಟುವವರೆಗಿನ ಅಷ್ಟೂ ಹೊತ್ತನ್ನು, ಅದರ ನೋವಿನ ಸಮೇತ, ಇನ್ನೊಮ್ಮೆ ಅನುಭವಿಸಲು ನಾನು ತಯಾರಿದ್ದೇನೆ. ನನ್ನನ್ನು ಕಾಡುತ್ತಿರುವುದು ಅವಳು ಹುಟ್ಟಿದ ಮೇಲಿನ ಮುಕ್ಕಾಲು ಗಂಟೆ.

ಇನ್ನೊಂದು ಮಗು ಬೇಕೆಂದು ನಾವಿಬ್ಬರೂ ಈಚೆಗೆ ತೀರ್ಮಾನಿಸಿದ್ದೇವೆ. ಬೇಕು ಎನ್ನುವಷ್ಟರ ಮಟ್ಟಿಗೆ ಅದು ತೀರ್ಮಾನ. ಹೆರುವುದು ಹೇಗೆ ಎನ್ನುವಲ್ಲಿಗೆ ಬಂದಾಗ ಮಾತು ನಿಂತುಹೋಗುತ್ತದೆ. ನಾರ್ಮಲ್ಲೋ ಸಿಸೇರಿಯನ್ನೋ ಎಂಬ ಪ್ರಶ್ನೆಯಿಂದಲೇ ಎಲ್ಲರೂ ಶುರು ಮಾಡುತ್ತಾರೆ. ನಾನೂ ಬಹಳ ಕಾಲ ಅಲ್ಲಿಂದಲೇ ಯೋಚಿಸಿದೆ. ಅದು ಪ್ರಶ್ನೆಯ ಕೊನೆಯ ಭಾಗವೆಂದೂ ಅದಕ್ಕೆ ಮೊದಲು ಬಿಡಿಸಿಕೊಳ್ಳಬೇಕಾದ್ದು ಬೇರೆಯೇ ಇದೆಯೆಂದೂ ಈಗ ಅನ್ನಿಸುತ್ತಿದೆ.

ಆ ಮುಕ್ಕಾಲು ಗಂಟೆ

ಮಗಳು ಅತ್ತಳು, ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿದರು, ಎಲ್ಲರೂ ನಗುತ್ತಿದ್ದರು. ಮಗು ಹುಟ್ಟಿದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಮಾಸು ಬೇರ್ಪಟ್ಟು ಹೊರಬರಬೇಕು. ನನಗೆ ಮಾಸು ಬರಲಿಲ್ಲ, ರಕ್ತ ಬಂತು. ಮಗುವನ್ನು ಎತ್ತಿಕೊಂಡು ಹೋದರು, ಅದರ ಬೆನ್ನಿಗೇ ಗಂಡನನ್ನೂ ಹೊರಗೆ ಕಳಿಸಿದರು. ಕೋಣೆಯಲ್ಲಿ ಜನ ಹೆಚ್ಚಾದರು. ಬಾಗಿಲು ಪದೇ ಪದೇ ತೆರೆದು ಮುಚ್ಚುತ್ತಿತ್ತು, ಟ್ರೇಗಳು ತಾಕುವ ಸದ್ದಾಗುತ್ತಿತ್ತು. ‘ಇನ್ನೂ ಬರ್ತಾ ಇದೆ’ ಎಂದು ಯಾರೋ ಅಂದರು, ಇನ್ನಾರೋ ಓಡಿದರು. ನನ್ನ ಕಾಲುಗಳಾಚೆ ನಡೆಯುತ್ತಿದ್ದ ಮಾತುಕತೆ ನನ್ನ ಬಗ್ಗೆಯೇ ಎಂದು ತಿಳಿಯುತ್ತಿತ್ತು, ಆದರೆ ಅದರಲ್ಲಿ ನನಗೆ ಪಾಲಿರಲಿಲ್ಲ. ಚಳಿಯಿಂದ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು. ತಲೆಯ ಮೇಲಿದ್ದ ದೊಡ್ಡ ದೀಪದ ಸ್ಟೀಲ್ ಅಂಚಿನಲ್ಲಿ ಬಾಗಿದ ಕೆಂಪು ಪಟ್ಟಿಯೊಂದು ಕಾಣುತ್ತಿತ್ತು. ಅದು ನನ್ನದೇ ದೇಹದ ಪ್ರತಿಬಿಂಬ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಒಂದು ಕೈ ಹೊಟ್ಟೆಯನ್ನು ಬಲವಾಗಿ ಅದುಮಿತು, ಇನ್ನೊಂದು ಕೈ ಒಳಗೆ ಹೋಯಿತು. ಹೀಗೆ ಮಾಡುತ್ತೇವೆಂದು ಯಾರೂ ಮೊದಲು ಹೇಳಲಿಲ್ಲ. ಏನು ಮಾಡ್ತಿದ್ದೀರಿ ಎಂದು ಕಿರುಚಿದೆ. ‘ಸುಮ್ನಿರಮ್ಮ, ಅಲ್ಲಾಡಬೇಡ’ ಎಂದಿತು ಒಂದು ದನಿ. ಅಷ್ಟು ಹೊತ್ತಿನಲ್ಲಿ ನನ್ನನ್ನು ಉದ್ದೇಶಿಸಿ ಬಂದ ಮಾತು ಅದೊಂದೇ. ನಾನು ಸಾಯುತ್ತಿದ್ದೇನೆ ಎಂಬ ತೀರ್ಮಾನಕ್ಕೆ ಬಂದುಬಿಟ್ಟೆ. ಅದರಲ್ಲಿ ಅಳುವಾಗಲಿ ಗಾಬರಿಯಾಗಲಿ ಇರಲಿಲ್ಲ. ಯಾರೋ ಬಂದು ತಿಳಿಸಿಹೋದ ಸುದ್ದಿಯ ಹಾಗಿತ್ತು. ಬದುಕಿಕೊಂಡೆ. ರಕ್ತ ಕೊಟ್ಟರು, ಮನೆಗೆ ಕಳಿಸಿದರು, ದೇಹ ತನ್ನಷ್ಟಕ್ಕೆ ಚೇತರಿಸಿಕೊಂಡಿತು. ಇವತ್ತಿಗೂ ಹಲ್ಲಿನ ಡಾಕ್ಟರು ದೀಪವನ್ನು ನನ್ನ ಮುಖದತ್ತ ತಿರುಗಿಸಿದರೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಮಗಳ ಹುಟ್ಟುಹಬ್ಬದ ದಿನ ಬೆಳಗ್ಗಿನಿಂದ ಉತ್ಸಾಹದಲ್ಲೇ ಇದ್ದು, ಅವಳು ಹುಟ್ಟಿದ ಗಳಿಗೆ ದಾಟುತ್ತಲೇ ಕೈಕಾಲು ತಣ್ಣಗಾಗುತ್ತವೆ.

ತಾಯಿ ಮಗು ಕ್ಷೇಮ

ಈ ಮೂರು ಪದಗಳ ಮುಂದೆ ಯಾವ ದೂರೂ ನಿಲ್ಲುವುದಿಲ್ಲ. ಹೆಣ್ಣಿಗೆ ಹೆರಿಗೆಯೆಂದರೆ ಮರುಜನ್ಮ ಎಂದು ಹಿರಿಯರು ಹೇಳುವಾಗ ಅದರಲ್ಲಿ ಅಂತಃಕರಣವೂ ಇರುತ್ತದೆ, ಮುಂದೆ ಕೇಳಬೇಡ ಎಂಬ ಸೂಚನೆಯೂ ಇರುತ್ತದೆ. ಹಿರಿಯರನ್ನು ಮಾತ್ರ ದೂರುವಂತಿಲ್ಲ, ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ಯೋಚಿಸಿತ್ತು. ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಮನುಷ್ಯರ ಸಾಮಾನ್ಯ ಅನುಭವದ ವ್ಯಾಪ್ತಿಯನ್ನು ಮೀರಿದ ಘಟನೆ ಮಾತ್ರ ಆಘಾತ ಎಂಬುದು ಆಗಿನ ವ್ಯಾಖ್ಯಾನದ ಆಶಯವಾಗಿತ್ತು. ಯುದ್ಧ ಅದರೊಳಗೆ ಬರುತ್ತಿತ್ತು. ಲೋಕದಲ್ಲಿ ಪ್ರತಿ ಗಳಿಗೆಯೂ ನಡೆಯುವ ಹೆರಿಗೆಗೆ ಅಲ್ಲಿ ಜಾಗ ಸಿಗುವುದು ಕಷ್ಟವಿತ್ತು. 1994ರ ಆವೃತ್ತಿಯಲ್ಲಿ ಆ ಷರತ್ತನ್ನು ಕೈಬಿಟ್ಟು, ಜೀವಕ್ಕೆ ಅಥವಾ ದೇಹಕ್ಕೆ ಒದಗಿದ ಬೆದರಿಕೆಯನ್ನೂ ಆ ವ್ಯಕ್ತಿ ಅನುಭವಿಸಿದ ಭಯ, ಅಸಹಾಯಕತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅದರ ನಂತರವೇ ಹೆರಿಗೆಯ ಆಘಾತದ ಅಧ್ಯಯನಕ್ಕೆ ಗಟ್ಟಿಯಾದ ನೆಲೆ ಸಿಕ್ಕಿತು.

ಅಮೆರಿಕದ ಶುಶ್ರೂಷಾ ಸಂಶೋಧಕಿ ಶೆರಿಲ್ ಬೆಕ್ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಹೆರಿಗೆ ಆಘಾತಕರವೋ ಅಲ್ಲವೋ ಎಂಬುದನ್ನು ಅನುಭವಿಸಿದವಳ ಕಣ್ಣಿನಿಂದಲೇ ನೋಡಬೇಕು ಎಂದಿತು. ಸಿಬ್ಬಂದಿಗೆ ದಿನನಿತ್ಯದ ಕೆಲಸವಾಗಿ ಕಂಡದ್ದು ಮಂಚದ ಮೇಲಿದ್ದವಳಿಗೆ ಹಾಗೆ ಕಾಣದಿರಬಹುದು. ಆ ಅಧ್ಯಯನಕ್ಕೆ ತಮ್ಮ ಅನುಭವ ಹೇಳಿದ ಹೆಂಗಸರಲ್ಲಿ ಹಲವರ ಅಳಲು, ತಮ್ಮೊಡನೆ ಯಾರೂ ಮಾತನಾಡಲಿಲ್ಲ, ತಮ್ಮನ್ನು ಯಾರೂ ವಿಚಾರಿಸಲಿಲ್ಲ ಎಂಬುದಾಗಿತ್ತು. ಇದನ್ನು ಓದಿದ ರಾತ್ರಿ ಗಂಡನನ್ನು ಎಬ್ಬಿಸಿ ಓದಿಸಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯೊಂದರ ಪ್ರಕಾರ, ಹೆತ್ತವರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಈ ಕಾಯಿಲೆ ಪೂರ್ಣ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ. ತೀವ್ರ ತೊಡಕುಗಳಂಥ ಅಪಾಯವಿದ್ದ ಗುಂಪುಗಳಲ್ಲಿ ಆ ಪ್ರಮಾಣ 18ರ ಮೇಲೆ ಹೋಗುತ್ತದೆ. ರೋಗದ ಹೆಸರು ಸಿಗದೆ ನರಳುವವರು ಈ ಎಣಿಕೆಯಲ್ಲಿ ಇಲ್ಲ.

‘ರೋಗಿ ಸಹಕರಿಸಿದರು’

ಈಗ ನೋಡುತ್ತಿರುವ ವೈದ್ಯೆ ಮೊದಲ ಭೇಟಿಯಲ್ಲಿ ಯಾವ ಸಲಹೆಯನ್ನೂ ಕೊಡಲಿಲ್ಲ. ಹಿಂದಿನ ಆಸ್ಪತ್ರೆಯಿಂದ ಕೇಸ್ ಶೀಟ್‌ನ ನಕಲು ತರಿಸಿಕೊಳ್ಳಿ, ಅದನ್ನು ಇಬ್ಬರೂ ಕೂತು ಓದೋಣ, ಯೋಜನೆಯ ಮಾತು ಆಮೇಲೆ ಎಂದರು. ತರಿಸಿಕೊಂಡ ಲಕೋಟೆಯನ್ನು ಒಡೆಯದೆ ಹಾಗೆಯೇ ಅವರ ಮೇಜಿನ ಮೇಲಿಟ್ಟೆ. ಅವರು ಪೆನ್ನಿನ ತುದಿಯಿಂದ ಒಂದೊಂದೇ ಸಾಲನ್ನು ತೋರಿಸುತ್ತಾ ಹೋದರು: ಇದು ಮಗು ಹುಟ್ಟಿದ ಸಮಯ, ಇದು ಗರ್ಭಕೋಶ ಗಟ್ಟಿಯಾಗಲೆಂದು ಕೊಟ್ಟ ಆಕ್ಸಿಟೋಸಿನ್ ಚುಚ್ಚುಮದ್ದು, ಇಲ್ಲಿಂದ ರಕ್ತದೊತ್ತಡ ಇಳಿಯತೊಡಗಿದೆ, ಇಲ್ಲಿ ಹಿರಿಯ ವೈದ್ಯರಿಗೆ ಕರೆ ಹೋಗಿದೆ. ನನ್ನ ನೆನಪಿನಲ್ಲಿ ಒಂದು ದೀಪ, ಒಂದು ದನಿ, ಎರಡು ಕೈಗಳಾಗಿ ಉಳಿದಿದ್ದ ಸಂಗತಿ ಅಲ್ಲಿ ನಿಮಿಷಗಳ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಹೊಟ್ಟೆಯ ಮೇಲಿನ ಕೈಯ ಬಗ್ಗೆ ಕೇಳಿದೆ. ನಾನು ಏಳದಂತೆ ಅದುಮಿ ಹಿಡಿದಿದ್ದರು ಎಂದೇ ಇಷ್ಟು ವರ್ಷ ನಂಬಿದ್ದೆ. ವೈದ್ಯೆ ತಮ್ಮ ಎಡ ಮುಷ್ಟಿಯನ್ನು ಗರ್ಭಕೋಶದಂತೆ ಹಿಡಿದು, ಬಲಗೈಯನ್ನು ಅದರ ಮೇಲೆ ಬೋಗುಣಿಯಂತೆ ಮುಚ್ಚಿ ತೋರಿಸಿದರು. ಮಾಸನ್ನು ಕೈಯಿಂದ ಬಿಡಿಸುವಾಗ ಗರ್ಭಕೋಶ ಮೇಲಕ್ಕೆ ಸರಿಯದಂತೆ ಹೊರಗಿನಿಂದ ಆಧಾರ ಕೊಡಲೇಬೇಕಾಗುತ್ತದೆ, ಬಿಡಿಸಿದ ಮೇಲೆ ಅದು ಕುಗ್ಗಿ ಗಟ್ಟಿಯಾಗಲೆಂದು ತಿಕ್ಕಬೇಕಾಗುತ್ತದೆ. ‘ಆ ಕೈ ಹಿಡಿದಿದ್ದು ನಿಮ್ಮನ್ನಲ್ಲ, ರಕ್ತವನ್ನ’ ಎಂದರು. ಆ ಮಾತು ಕೇಳಿ ನನಗೆ ಅಳು ಬಂತು. ಆ ಕೈಯ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು ಎಂದೇ ಹೇಳಬೇಕು.

ಎಲ್ಲವೂ ಹಾಗೆ ಮುಗಿಯಲಿಲ್ಲ. ಮಾಸು ತೆಗೆದ ವಿವರದ ಸಾಲಿನ ಕೊನೆಯಲ್ಲಿ ‘ರೋಗಿ ಸಹಕರಿಸಿದರು’ ಎಂದು ಬರೆದಿತ್ತು. ನೋವು ನಿವಾರಕ ಕೊಟ್ಟ ದಾಖಲೆ ಎಲ್ಲೂ ಇರಲಿಲ್ಲ. ವೈದ್ಯೆ ಹಾಳೆಯನ್ನು ಹಿಂದೆ ಮುಂದೆ ಎರಡು ಸಲ ತಿರುವಿ ನೋಡಿದರು. ಈ ಕೆಲಸವನ್ನು ಸಾಮಾನ್ಯವಾಗಿ ಅರಿವಳಿಕೆ ಕೊಟ್ಟೇ ಮಾಡಬೇಕು, ರಕ್ತ ಧಾರಾಕಾರ ಹೋಗುತ್ತಿರುವಾಗ ಅದಕ್ಕೆ ಪುರಸೊತ್ತು ಸಿಗದಿರುವುದೂ ಉಂಟು, ಆದರೆ ಒಂದು ಮಾತು ಹೇಳಲು ಪುರಸೊತ್ತು ಬೇಕಾಗುವುದಿಲ್ಲ ಎಂದರು. ತಮ್ಮ ವೃತ್ತಿಯವರನ್ನು ಸಮರ್ಥಿಸಿಕೊಳ್ಳುವ ಆತುರ ಅವರಲ್ಲಿ ಇರಲಿಲ್ಲ. ನಾನು ಅವರನ್ನು ನಂಬತೊಡಗಿದ್ದು ಆ ಕ್ಷಣದಿಂದ.

ದೇಹದ ಲೆಕ್ಕ, ಮನಸ್ಸಿನ ಲೆಕ್ಕ

ಆ ಓದಿನ ನಂತರ ನಾನು ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡಲು ಕಲಿಯುತ್ತಿದ್ದೇನೆ. ದೇಹಕ್ಕೆ ಆದದ್ದು ಮತ್ತೆ ಆಗುವ ಸಂಭವ ಎಷ್ಟು ಎಂಬುದು ಒಂದು. ಅದಕ್ಕೆ ಅಂಕಿಗಳಿವೆ. ಹೆರಿಗೆಯಲ್ಲಿ ಒಮ್ಮೆ ಅತಿಯಾದ ರಕ್ತಸ್ರಾವ ಆದವರಿಗೆ ಮುಂದಿನ ಹೆರಿಗೆಯಲ್ಲೂ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದರಲ್ಲಿ ಅದು ನೂರಕ್ಕೆ ಸುಮಾರು 15ರಷ್ಟಿತ್ತು. ಅಂದರೆ ಹೆಚ್ಚಿನವರಿಗೆ ಮರುಕಳಿಸುವುದಿಲ್ಲ, ಆದರೆ ತಳ್ಳಿಹಾಕುವಂತೆಯೂ ಇಲ್ಲ. ಆ ಹದಿನೈದಕ್ಕಾಗಿ ಏನೇನು ಸಿದ್ಧವಿರಬೇಕು ಎಂದು ಕೇಳುವುದು ನನ್ನ ಕೆಲಸ. ಆ ಮುಕ್ಕಾಲು ಗಂಟೆಯನ್ನು ಮತ್ತೆ ಹಾಗೆಯೇ ಕಳೆಯಬೇಕಾಗುತ್ತದೆಯೇ ಎಂಬುದು ಇನ್ನೊಂದು ಲೆಕ್ಕ. ಅದಕ್ಕೆ ಶೇಕಡಾವಾರು ಇಲ್ಲ. ಮೊದಲನೆಯ ಲೆಕ್ಕದ ಅಂಕಿಯನ್ನು ಎರಡನೆಯ ಭಯಕ್ಕೆ ಉತ್ತರವಾಗಿ ಕೊಟ್ಟಾಗ ನಾನು ಇನ್ನಷ್ಟು ಒಂಟಿಯಾಗುತ್ತೇನೆ. ಎಂಬತ್ತೈದು ಮಂದಿ ಪಾರಾಗುತ್ತಾರೆ ಎಂದರೆ ನನಗೆ ಧೈರ್ಯ ಬರುವುದಿಲ್ಲ. ನಾನು ಭಯಪಟ್ಟಿದ್ದೇ ತಪ್ಪು ತಿಳಿವಳಿಕೆಯಿಂದ ಎಂದು ಅವರು ಭಾವಿಸಿದ್ದಾರೆಂಬುದು ಮಾತ್ರ ಗೊತ್ತಾಗುತ್ತದೆ. ಹಾಗೆಂದು ಭಯವನ್ನೇ ನಂಬಿಕೊಂಡು ದೇಹದ ಲೆಕ್ಕವನ್ನು ಬದಿಗಿಟ್ಟರೂ ಕೆಡುಕೇ.

ಮೊದಲ ಸಲ ತುರ್ತು ಸಿಸೇರಿಯನ್ ಆಗಿ ನೊಂದವರ ದೇಹದ ಲೆಕ್ಕ ನನ್ನದಕ್ಕಿಂತ ಬೇರೆ. ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂಬ ಮಾತು ನ್ಯೂಯಾರ್ಕ್‌ನ ವೈದ್ಯ ಎಡ್ವಿನ್ ಕ್ರೇಗಿನ್ 1916ರಲ್ಲಿ ಹೇಳಿದ್ದು. ಆಗ ಹೊಟ್ಟೆ ಕೊಯ್ಯುವ ರೀತಿಯೇ ಬೇರೆಯಿತ್ತು. ಈಗ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವುದರಿಂದ, ಬೇರೆ ತೊಡಕಿಲ್ಲದೆ ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 72ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಸುಮಾರು ಇನ್ನೂರಕ್ಕೆ ಒಂದು. ಎರಡು ಹೆರಿಗೆಗಳ ನಡುವಿನ ಅಂತರ ತೀರಾ ಕಡಿಮೆಯಿದ್ದರೆ ಅದು ಹೆಚ್ಚುತ್ತದೆ.

ನನಗೋ, ಸಿಸೇರಿಯನ್ನೇ ಮಾಡಿಸಿಕೊಂಡುಬಿಡುವ ಆಸೆ ಬಹಳ ಇತ್ತು. ಈ ಆಸೆ ನನ್ನೊಬ್ಬಳದೇ ಅಲ್ಲ. ಹೆರಿಗೆಯ ವಿಪರೀತ ಭಯಕ್ಕೆ 2000ದಲ್ಲಿ ಬ್ರಿಟನ್ನಿನ ಮನೋವೈದ್ಯರಿಬ್ಬರು ಟೋಕೋಫೋಬಿಯಾ ಎಂದು ಹೆಸರಿಟ್ಟು ಬರೆದಾಗ, ಕೆಟ್ಟ ಹೆರಿಗೆಯ ನಂತರ ಹುಟ್ಟುವ ಭಯವನ್ನು ಪ್ರತ್ಯೇಕ ಬಗೆಯಾಗಿಯೇ ಗುರುತಿಸಿದ್ದರು. ಅಂಥ ಭಯವಿರುವವಳಿಗೆ ಮಾನಸಿಕ ನೆರವು ಒದಗಿಸಬೇಕು, ಎಲ್ಲವನ್ನೂ ಚರ್ಚಿಸಿದ ಮೇಲೂ ಅವಳಿಗೆ ಸಹಜ ಹೆರಿಗೆ ಬೇಡವೆನಿಸಿದರೆ ಯೋಜಿತ ಸಿಸೇರಿಯನ್‌ಗೆ ಅವಕಾಶ ಕೊಡಬೇಕು ಎಂಬುದು ಆ ದೇಶದ ಮಾರ್ಗಸೂಚಿಯಲ್ಲೇ ಇದೆ. ವೈದ್ಯೆಯೂ ಬೇಡ ಎನ್ನಲಿಲ್ಲ. ಗರ್ಭಕೋಶದ ಮೇಲೆ ಕಲೆ ಉಳಿಯುತ್ತದೆ, ಆಪರೇಷನ್‌ಗಳು ಹೆಚ್ಚಿದಷ್ಟೂ ಮುಂದಿನ ಬಸುರಿನಲ್ಲಿ ಮಾಸು ಆ ಕಲೆಗೆ ಆಳವಾಗಿ ಅಂಟಿಕೊಳ್ಳುವ ಅಪಾಯ ಹೆಚ್ಚುತ್ತದೆ, ಬೇರೆ ಕಾರಣವಿಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯಬೇಕು, ರಕ್ತಸ್ರಾವದ ಸಾಧ್ಯತೆ ಅಲ್ಲಿಯೂ ಇದೆ ಎಂದು ವಿವರಿಸಿ, ‘ಆಪರೇಷನ್‌ನಲ್ಲಿ ನಿಮಗೆ ಏನು ಸಿಗುತ್ತೆ ಅನ್ಸುತ್ತೆ, ಹೇಳಿ’ ಎಂದರು. ಆ ಕೋಣೆಯನ್ನು ಕಲ್ಪಿಸಿಕೊಂಡು ಒಂದೊಂದಾಗಿ ಹೇಳುತ್ತಾ ಹೋದೆ. ದಿನ ಗೊತ್ತಿರುತ್ತದೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟಿರುತ್ತಾರೆ. ಅರಿವಳಿಕೆಯ ಡಾಕ್ಟರು ನನ್ನ ತಲೆಯ ಪಕ್ಕದಲ್ಲೇ ಇದ್ದು, ಈಗ ಸ್ವಲ್ಪ ಎಳೆದ ಹಾಗಾಗುತ್ತದೆ, ಈಗ ಮಗು ಬರುತ್ತದೆ ಎಂದು ಹೇಳುತ್ತಿರುತ್ತಾರೆ. ಅಲ್ಲಿಗೆ ಬಂದು ಮಾತು ನಿಲ್ಲಿಸಿದೆ. ನನಗೆ ಬೇಕಾಗಿದ್ದದ್ದು ತಲೆಯ ಪಕ್ಕದಲ್ಲಿ ಒಬ್ಬರು. ಅದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಲೂ ಸಿದ್ಧಳಾಗಿದ್ದೆ.

ಎಲ್ಲರ ವಿಷಯವೂ ಹೀಗೆಯೇ ಎಂದು ನಾನು ಹೇಳಲಾರೆ. ಸಿಸೇರಿಯನ್ ಆರಿಸಿಕೊಂಡು ನೆಮ್ಮದಿಯಿಂದ ಹೆತ್ತವರ ಆಯ್ಕೆ ಅವರಿಗೆ ಸರಿಯಾದದ್ದೇ. ಸಹಜ ಹೆರಿಗೆಯನ್ನು ಗೆಲುವೆಂದೂ ಇನ್ನೊಂದನ್ನು ಸೋಲೆಂದೂ ಕಾಣುವವರ ಮಾತು ನನಗೆ ಹಿಡಿಸುವುದಿಲ್ಲ. ಮೊದಲ ಹೆರಿಗೆಯ ಗಾಯವನ್ನು ಎರಡನೆಯ ಹೆರಿಗೆ ‘ಸರಿಪಡಿಸುತ್ತದೆ’ ಎಂಬ ಭರವಸೆಯಂತೂ ಹುಟ್ಟಲಿರುವ ಮಗುವಿನ ಮೇಲೆ ಹೊರಿಸುವ ಭಾರ.

ಬಸುರಿಗೂ ಮುಂಚೆ

ಎರಡು ಹೆರಿಗೆಗಳ ನಡುವೆ ದೇಹಕ್ಕೆ ಬಿಡುವು ಬೇಕು. ಹೆರಿಗೆಯಾದ ಮೇಲೆ ಮತ್ತೆ ಬಸುರಿಯಾಗಲು ಕನಿಷ್ಠ 24 ತಿಂಗಳು ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ದೇಹ ಆ ಗಡುವನ್ನು ದಾಟಿ ಬಹಳ ಕಾಲವಾಯಿತು. ಮನಸ್ಸಿಗೆ ಅಂಥ ಗಡುವಿಲ್ಲ. ಬಸುರು ನಿಂತ ಮೇಲೆ ದಿನಗಳು ಓಡತೊಡಗುತ್ತವೆ, ಪ್ರತಿ ತಪಾಸಣೆಯೂ ಹಳೆಯದನ್ನು ಕೆದಕಬಹುದು. ಆದ್ದರಿಂದ ಆಪ್ತಸಮಾಲೋಚನೆಯನ್ನು ಮೊದಲೇ ಆರಂಭಿಸಿದ್ದೇನೆ. ಆಘಾತಕ್ಕೆಂದೇ ರೂಪಿಸಿದ ಅರಿವಿನ ಚಿಕಿತ್ಸೆಗೂ ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಚಿಕಿತ್ಸೆಗೂ ಒಳ್ಳೆಯ ಆಧಾರವಿದೆ. ನಡೆದದ್ದನ್ನು ಒಂದೇ ಸಲ ಕೂರಿಸಿ ಪೂರ್ತಿ ಮರುಕಳಿಸುವಂತೆ ಹೇಳಿಸುವುದನ್ನು ಮಾತ್ರ ಮಾಡಬಾರದೆಂದು ಬ್ರಿಟನ್ನಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ‘ಎಲ್ಲ ಹೇಳಿಕೊಂಡು ಅತ್ತುಬಿಡು, ಹಗುರಾಗುತ್ತೆ’ ಎನ್ನುವ ಹಿತೈಷಿಗಳಿಗೆ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಾನು ಒಂದು ವಾರ ದೀಪದವರೆಗೆ ಮಾತ್ರ ಹೋಗುತ್ತೇನೆ. ಇನ್ನೊಂದು ವಾರ ಬಾಗಿಲಿನವರೆಗೆ.

ಬಾಗಿಲಿನಾಚೆ ಇದ್ದವರ ಕಥೆಯನ್ನು ನಾನು ಕೇಳಿಯೇ ಇರಲಿಲ್ಲ. ಹಸುಗೂಸನ್ನು ಎತ್ತಿಕೊಂಡು ನಿಂತಿದ್ದ ಗಂಡನ ಮುಂದೆಯೇ ಒಬ್ಬರು ರಕ್ತದ ಚೀಲಗಳನ್ನು ಹಿಡಿದು ಓಡಿದ್ದರಂತೆ. ಯಾರನ್ನು ಕೇಳಿದರೂ ‘ಇರಿ, ಡಾಕ್ಟರ್ ಬಂದು ಹೇಳ್ತಾರೆ’ ಎಂದರಂತೆ. ಮಗುವಿಗೆ ಅಮ್ಮ ಇಲ್ಲದಿದ್ದರೆ ಹಾಲಿಗೆ ಏನು ಮಾಡುವುದು ಎಂದು ಅಲ್ಲೇ ಲೆಕ್ಕ ಹಾಕಿದ್ದನ್ನು ಅವರು ನನಗೆ ಹೇಳಿದ್ದು ಈ ವರ್ಷ. ಇನ್ನೊಂದು ಮಗು ಬೇಕೆಂದು ಮೊದಲು ಬಾಯಿಬಿಟ್ಟವಳು ನಾನು. ಅವರು ಅಷ್ಟು ದಿನ ಸುಮ್ಮನಿದ್ದದ್ದಕ್ಕೆ ನಾನು ಬೇರೆಯೇ ಕಾರಣಗಳನ್ನು ಊಹಿಸಿಕೊಂಡಿದ್ದೆ.

ಒಂದು ಹಾಳೆ

ನಮ್ಮ ಯೋಜನೆ ಈಗ ಒಂದು ಹಾಳೆಯಷ್ಟಿದೆ. ಮೇಲ್ಭಾಗವೆಲ್ಲ ದೇಹದ ಲೆಕ್ಕ, ಅದರ ಬಹುಪಾಲು ವೈದ್ಯೆಯ ಕೈಬರಹ: ರಕ್ತನಿಧಿ ಇರುವ, ಅರಿವಳಿಕೆ ತಜ್ಞರು ಹಗಲೂ ರಾತ್ರಿ ಸಿಗುವ ಆಸ್ಪತ್ರೆ, ಬಸುರಿನಲ್ಲೇ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿಯದಂತೆ ಎಚ್ಚರ, ನೋವು ಶುರುವಾದ ಕೂಡಲೇ ಕೈಗೆ ಸೂಜಿ ಹಾಕಿಟ್ಟುಕೊಳ್ಳುವುದು, ಮಾಸು ತಡವಾದರೆ ರಕ್ತ ಹೆಚ್ಚುವವರೆಗೆ ಕಾಯದೆ ಆಪರೇಷನ್ ಕೋಣೆಗೆ ಒಯ್ದು ಅರಿವಳಿಕೆ ಕೊಟ್ಟು ತೆಗೆಯುವುದು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳೆಯುತ್ತೀರಾ ಎಂದು ನಾನು ಕೇಳಿದ್ದಕ್ಕೆ ಅವರು ಹುಬ್ಬೇರಿಸಿದರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ, ಅಳತೆಯ ಗೆರೆಗಳಿರುವ ಚೀಲದಂಥ ಹಾಸನ್ನು ಹೆತ್ತವಳ ಕೆಳಗೆ ಹಾಸಿ ರಕ್ತವನ್ನು ಅಳೆದರು. ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೇ ಕೊಟ್ಟರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವುದು, ಅದರಿಂದಾಗುವ ಸಾವು, ಈ ಮೂರನ್ನೂ ಸೇರಿಸಿ ನೋಡಿದಾಗ ಪ್ರಮಾಣ ನೂರಕ್ಕೆ 60ರಷ್ಟು ತಗ್ಗಿತ್ತು. ‘ಇನ್ನೂ ಬರ್ತಾ ಇದೆ’ ಎಂಬ ಮಾತಿನ ಜಾಗದಲ್ಲಿ ಒಂದು ಅಂಕಿ ಇರಲಿ ಎಂಬುದು ನನ್ನ ಆಸೆ. ಅಂಥ ಹಾಸು ತಮ್ಮಲ್ಲಿದೆ ಎಂದರು.

ಹಾಳೆಯ ಕೆಳಭಾಗ ನನ್ನದು. ಮುಟ್ಟುವ ಮೊದಲು ಹೇಳಬೇಕು, ಎಷ್ಟೇ ತುರ್ತಿದ್ದರೂ ಒಂದು ವಾಕ್ಯ ಸಾಕು. ತುರ್ತು ಒದಗಿದರೆ ಒಬ್ಬರು ನನ್ನ ತಲೆಯ ಬಳಿ ನಿಂತು ಏನು ನಡೆಯುತ್ತಿದೆ ಎಂದು ಹೇಳುತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ ಗೌರವದ ನಡವಳಿಕೆ, ಸರಿಯಾದ ಮಾತುಕತೆ, ಹೆರುವವಳು ಬಯಸಿದ ಒಬ್ಬರ ಜೊತೆಗಾರಿಕೆ ಇವೆಲ್ಲವೂ ಇವೆ. ಆದ್ದರಿಂದ ನಾನು ವಿಶೇಷವಾದದ್ದೇನನ್ನೂ ಕೇಳುತ್ತಿಲ್ಲ. ಇಂಥವರೇ ನಿಲ್ಲುತ್ತಾರೆಂದು ಹೆಸರು ಬರೆಯಲಾಗದು, ಪಾಳಿ ಬದಲಾಗುತ್ತದೆ ಎಂದು ವೈದ್ಯೆ ತಿದ್ದಿದರು. ಪ್ರತಿ ಪಾಳಿಯಲ್ಲೂ ಆ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಬೇಕು ಎಂದು ಬದಲಾಯಿಸಿಕೊಂಡೆವು. ಹೊರಗಿರುವವರಿಗೆ ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಕೊಡಬೇಕೆಂದು ಗಂಡ ಬರೆಸಿದ್ದ ಸಾಲನ್ನೂ ಅದೇ ರೀತಿ ತಿದ್ದಲಾಯಿತು. ಸಿಸೇರಿಯನ್ ಎಂಬ ಪದ ಆವರಣದೊಳಗೆ ಇನ್ನೂ ಇದೆ. ಯಾವ ದಿನ ಬೇಕಾದರೂ ಮನಸ್ಸು ಬದಲಾಯಿಸಬಹುದು ಎಂದು ಅವರೇ ಅದನ್ನು ಹಾಗೆ ಬಿಟ್ಟಿದ್ದಾರೆ.

ತುಂಬದೆ ಉಳಿದಿರುವುದು ಒಂದು ಸಾಲು. ಹಿಂದಿನ ಸಲದಂತೆ ರಕ್ತ ಹೋಗತೊಡಗಿದರೆ ಗಂಡ ಒಳಗಿರಬೇಕೋ ಹೊರಗಿರಬೇಕೋ? ಒಳಗೇ ಇರುತ್ತೇನೆ, ಬಾಗಿಲ ಹೊರಗೆ ಇನ್ನೊಮ್ಮೆ ನಿಲ್ಲಲಾರೆ ಎನ್ನುತ್ತಾರೆ ಅವರು. ನನ್ನನ್ನು ಆ ಸ್ಥಿತಿಯಲ್ಲಿ ಅವರು ನೋಡುವುದು ನನಗೆ ಇಷ್ಟವಿಲ್ಲ. ಅಲ್ಲದೆ, ಆಗಲೇ ಹುಟ್ಟಿದ ಮಗುವಿನ ಜೊತೆ ನಮ್ಮವರೆನ್ನುವವರು ಯಾರಾದರೂ ಇರಬೇಕು. ಇದರ ಬಗ್ಗೆ ಎರಡು ಸಲ ಜಗಳವಾಗಿದೆ. ಮಗುವನ್ನು ನೋಡಿಕೊಳ್ಳಲು ಅಕ್ಕ ಬರುತ್ತೇನೆ ಎಂದಿರುವುದರಿಂದ ನನ್ನ ವಾದ ಅರ್ಧ ಬಿದ್ದುಹೋಗಿದೆ. ಉಳಿದರ್ಧವನ್ನು ಮುಂದಿನ ಭೇಟಿಯಲ್ಲಿ ವೈದ್ಯೆಯ ಎದುರೇ ಮಾತನಾಡೋಣ ಎಂದು ಒಪ್ಪಿಕೊಂಡಿದ್ದೇವೆ.